ಬಿ ಬದಿಯ ಕೊನೆ

ಬಂಗಾರಪೇಟೆ ಸ್ಟೇಷನ್ ರೋಡಿನಲ್ಲಿ ನಾಲ್ಕಡಿ ಅಗಲದ ಅಂಗಡಿ.
ಎರಡು ಡೆಕ್ಕು, ಒಂದು ರೆಕಾರ್ಡ್ ಪ್ಲೇಯರು, ನಾನು.
ಮದುವೆ ಸೀಸನ್ನಿಗೆ ನಾದಸ್ವರ, ಉರುಸಿಗೆ ಕವ್ವಾಲಿ.
ಸೀಸನ್ನಿಲ್ಲದ ದಿನ ಬರುತ್ತಿದ್ದವರು ಇಬ್ಬರೇ:
ಪಾಯಿಂಟ್ಸ್‌ಮನ್ ಆರೋಗ್ಯಸಾಮಿ,
ಮೊಟ್ಟೆ ಮಂಡಿಯ ಜಬೀವುಲ್ಲಾ.

ಐರನ್ ಆರ್ಚರ್ಡ್ ಅಂದರೆ ಇಬ್ಬರಿಗೂ ಪ್ರಾಣ.
ಪೇಲ್ ಡ್ರೈವರ್ಸ್ ಅಂದರೆ ಇಬ್ಬರಿಗೂ ಅಷ್ಟಕ್ಕಷ್ಟೆ.
‘ಗಿಟಾರ್ ಬಾರಿಸ್ತಾರಾ, ಸೊಪ್ಪು ಹೆಚ್ತಾರಾ?’
ಅಲ್ಲಿಯವರೆಗೆ ಸ್ನೇಹ.
ಆಮೇಲೆ ಬಂತು ಏಳನೆಯ ಆಲ್ಬಮ್ಮು.

ಚಾಂಪಿಯನ್ ರೀಫ್ಸ್ ಆಸ್ಪತ್ರೆಯ ಐವಿ ಸಿಸ್ಟರದು ಅದು,
ಸಂಜೆ ಪ್ಯಾಸೆಂಜರಿಗೆ ವಾಪಸು ಹೋಗಬೇಕು.
ತೊಂಬತ್ತರ ಕ್ಯಾಸೆಟ್ಟು. ಎ ಬದಿಗೆ ಮೂರನೆಯದು, ಬಿ ಬದಿಗೆ ಏಳನೆಯದು,
ಬೆನ್ನಿಗೆ ಬೆನ್ನು ಅಂಟಿಸಿದ ಅಣ್ಣತಮ್ಮಂದಿರ ಹಾಗೆ.
ಬದಿಗೆ ನಲವತ್ತೈದು ನಿಮಿಷ. ಏಳನೆಯದು ನಲವತ್ತೇಳು.
ಲೆಕ್ಕ ಹಾಕಬೇಕಿತ್ತು. ಹಾಕಲಿಲ್ಲ.
ಅರ್ಧಕ್ಕೆ ತಿರುಗಿಸಿ, ಸೂಜಿ ಇಟ್ಟು,
ಎದುರಿನ ಗಾಡಿಗೆ ಹೋಗಿ ಪಾನಿಪೂರಿ ತಿನ್ನುತ್ತ ನಿಂತೆ.
ನಮ್ಮೂರ ಪಾನಿ ನೋಡಲು ಬರೀ ನೀರು,
ಕುಡಿದವನಿಗೆ ಗೊತ್ತು.
ಬಾಯಿ ಉರಿಯುತ್ತ ಬಂದರೆ
ಡೆಕ್ಕಿನ ಗುಂಡಿ ಮೇಲೆದ್ದು ಕೂತಿತ್ತು,
ಸೂಜಿ ಮಾತ್ರ ಇನ್ನೂ ಹಾಡುತ್ತಿತ್ತು.
ರೈಲು ಕೂಗಿತು. ಲೇಬಲ್ ಅಂಟಿಸಿದೆ.
ಇಪ್ಪತ್ತೆರಡು ರೂಪಾಯಿ, ಚಿಲ್ಲರೆ ಬಿಡದೆ ಇಸಕೊಂಡೆ.
ಜಬೀಗೊಂದು ಕಾಪಿ, ಅದಕ್ಕೂ ಇಪ್ಪತ್ತೆರಡು.

ಸಾಮಿಗೆ ಮೂರನೆಯದೇ ಬ್ಯಾಂಡು, ಏಳನೆಯದು ಅದರ ಬೋರ್ಡು.
‘ಅಲ್ಲಿ ಡ್ರಮ್ ಹೊಡೆಯೋನು ಹಸಿದವ್ನೆ.
ಇಲ್ಲಿ ಉಂಡು ಬಂದವ್ನೆ, ಕೇಳ್ಸಲ್ವಾ?
ಕೊನೇ ಹಾಡು ಮುಗ್ಸಕ್ಕೂ ಆಗ್ಲಿಲ್ಲ, ಅರ್ಧಕ್ಕೇ ಎದ್ದೋದ್ರು.’
ಜಬೀ ಬೀಡಿ ಕೆಳಗಿಟ್ಟು ಹೇಳುತ್ತಿದ್ದ:
‘ಅದೇ ಕಣಯ್ಯ ಗತ್ತು.
ನಿಮ್ಮ ಮೂರನೇದ್ರಲ್ಲಿ ಒಂದೊಂದು ಹಾಡೂ
ಬಾಗ್ಲು ಹಾಕಿ ಚಿಲಕ ಎಳ್ಕೊಂಡು ಮುಗೀತದೆ.
ಇವ್ರು ಬಾಗ್ಲೇ ಕಿತ್ತಾಕವ್ರೆ.
ಹಂಗೆ ನಿಲ್ಸಕ್ಕೆ ಧೈರ್ಯ ಬೇಕು.’

ಆ ಧೈರ್ಯ ಪಾನಿಪೂರಿಯದು.

ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ.
ಒಮ್ಮೆ ಗಿರಾಕಿ ಬಂದ.
ಇನ್ನೊಮ್ಮೆ ಯಾರೂ ಬರಲಿಲ್ಲ.

ಜೋಲಾರಪೇಟೆಗೆ ವರ್ಗವಾದರೂ ಸಾಮಿ ವಾದ ಬಿಡಲಿಲ್ಲ,
ಗಾರ್ಡ್ ಕೈಲಿ ಚೀಟಿ ಕಳಿಸುತ್ತಿದ್ದ.
ಜಬೀ ತನ್ನ ನಿಕಾಹದ ದಿನ ಶೇರ್ವಾನಿಯಲ್ಲೇ ಬಂದು
‘ಕೊನೇ ಹಾಡು ಒಂದ್ಸಲ ಹಾಕು’ ಅಂದ.
ಹಾಕಿದೆ. ಕಡಿದಲ್ಲಿ ಕಣ್ಣು ಮುಚ್ಚಿದ.
ಅಂಥ ಮುಖಕ್ಕೆ ಏನು ಹೇಳಲಿ?

ಡೆಕ್ಕು ಹೋಯಿತು, ರೀಚಾರ್ಜು ಬಂತು,
ಈಗ ಜೆರಾಕ್ಸು.
ಹೋದ ಶುಕ್ರವಾರ ಇಬ್ಬರೂ ಬಂದರು,
ಸಾಮಿ ಪಿಂಚಣಿ ಕಾಗದ ಹಿಡಿದು, ಜಬೀ ಮೊಣಕಾಲಿಗೆ ಬೆಲ್ಟು ಬಿಗಿದು,
ಮೆಟ್ಟಿಲು ಹತ್ತುವ ಮುಂಚೆಯೇ ಏಳನೆಯದರ ಜಗಳ.
ನಮ್ಮ ಹುಡುಗ ಮೊಬೈಲ್ ತಿಕ್ಕಿ
‘ಇಲ್ಲೇ ಐತಲ್ಲ ಅಂಕಲ್’ ಅಂದ.

ಕಡಿಯುವ ಜಾಗ ಹತ್ತಿರ ಬಂತು.
ನಾನು ಹಾಳೆ ತುಂಬುವ ನೆವದಲ್ಲಿ ಬಗ್ಗಿದೆ.
ಕಡಿಯಲಿಲ್ಲ.
ಹಾಡುವವನು ಮೇಲಿನ ಸ್ವರಕ್ಕೆ ಹೋಗದೆ
ಅದರ ಸುತ್ತ ಒಂದು ಬಳಸು ಹಾಕಿ ಇಳಿದ.
ಗಿಟಾರು ಮೊದಲ ಸಾಲನ್ನು ಮತ್ತೊಮ್ಮೆ, ನಿಧಾನಕ್ಕೆ.
ಯಾರೋ ಕುರ್ಚಿ ಸರಿಸಿದ ಸದ್ದು.
ಅಷ್ಟೆ. ಎರಡು ನಿಮಿಷ.
ಚೆನ್ನಾಗಿತ್ತು, ನಿಜ ಹೇಳಬೇಕೆಂದರೆ.

ಸಾಮಿ ಕನ್ನಡಕ ಒರೆಸಿದ.
ಜಬೀ ಮೊಬೈಲನ್ನು ತಿರುಗಿಸಿ ಹಿಂಬದಿ ನೋಡಿದ.
‘ಇದು ಆಮೇಲೆ ಯಾರೋ ಸೇರ್ಸಿರೋದು’ ಅಂದ.
‘ಊಂ,’ ಅಂದ ಸಾಮಿ, ‘ನಮ್ದೇ ಒರಿಜಿನಲ್ಲು.’
ಮೂವತ್ತು ವರ್ಷಕ್ಕೆ ಮೊದಲ ಸಲ ಒಂದೇ ಮಾತು.
ಇಬ್ಬರೂ ಸಾಕ್ಷಿಗೆ ನನ್ನತ್ತ ತಿರುಗಿದರು.

ತಲೆಯಾಡಿಸಿದೆ. ಹೌದೋ ಅಲ್ಲವೋ,
ಅವರೇ ಅರ್ಥ ಮಾಡಿಕೊಳ್ಳಲಿ.

ಅಷ್ಟರಲ್ಲಿ ಕಾಗದ ಹೊರಬಂದಿತ್ತು, ಇನ್ನೂ ಬಿಸಿ.
ಕೊನೆಯ ಸಾಲು ಹಾಳೆಯಾಚೆ ಉಳಿದಿತ್ತು.
ಗಾಜಿನ ಮೇಲೆ ಸರಿಯಾಗಿ ಕೂರಿಸಿ
ಇನ್ನೊಂದು ತೆಗೆದೆ.