ಕನಿಷ್ಠ

ಸುಂಟರಗಾಳಿಯ ಹೊಟ್ಟೆಯೊಳಗೆ ಮಾಪಕ ಇಟ್ಟು
ಅಳೆದವರು ಕಡಿಮೆ.
ಅದು ಹೋದ ಮಾರನೆಯ ಬೆಳಿಗ್ಗೆ ನಾವು ಬರುತ್ತೇವೆ,
ರಾಯ್ಸ್ ವೊಂದ್ರಾಚೆಕ್ ಮತ್ತು ನಾನು,
ಸರ್ಕಾರಿ ಪಿಕಪ್ಪಿನಲ್ಲಿ, ರಬ್ಬರ್ ಬೂಟು, ಟೇಪು, ಕ್ಯಾಮೆರಾ,
ಮುರಿದದ್ದನ್ನು ಕೇಳಿ
ಮುರಿದದ್ದರ ಬಲ ತಿಳಿಯಲು.

ಗಾಳಿಗೆ ಮೈಯಿಲ್ಲ, ಹೆಜ್ಜೆಗುರುತು ಮಾತ್ರ.
ಇಪ್ಪತ್ತೆಂಟು ಬಗೆಯ ಸಾಕ್ಷಿಗಳು ನಮ್ಮ ಪುಸ್ತಕದಲ್ಲಿ:
ಮನೆ, ಶಾಲೆ, ಕೊಟ್ಟಿಗೆ, ಪೆಟ್ರೋಲ್ ಬಂಕಿನ ಚಾವಣಿ,
ದೀಪದ ಕಂಬ, ಗಟ್ಟಿ ಮರ, ಮೆದು ಮರ.
ಹೇಗೆ ಮುರಿದೆ ಹೇಳು,
ವೇಗ ಎಷ್ಟೆಂದು ನಾನು ಹೇಳುತ್ತೇನೆ.

ನಿನ್ನೆ ಮಧ್ಯಾಹ್ನವೇ ಬಲೂನು ಹಾರಿಸಿ ನೋಡಿದ್ದೆವು.
ದಕ್ಷಿಣದ ಕೊಲ್ಲಿಯಿಂದ ನೆಬ್ರಾಸ್ಕಾದ ತನಕ ಹಸಿ ಉಸಿರು,
ಅದರ ನೆತ್ತಿಗೆ ಒಣ ಬಿಸಿಗಾಳಿಯ ಮುಚ್ಚಳ.
ಕೆಳಗೆ ಆಗ್ನೇಯದ ಗಾಳಿ, ಮೇಲೆ ಪಶ್ಚಿಮದ್ದು,
ನಡುವೆ ಸಿಕ್ಕಿದ್ದು
ಎರಡು ಅಂಗೈಗಳ ನಡುವಿನ ಬತ್ತಿಯಂತೆ
ಹೊಸೆದುಕೊಂಡು ಅಡ್ಡ ಮಲಗಿತ್ತು.
ಐದೂವರೆಗೆ ಮುಚ್ಚಳ ಹಾರಿತು.
ಏಳುವ ಬಿಸಿ ಆ ಬತ್ತಿಯನ್ನು ನೆಟ್ಟಗೆ ನಿಲ್ಲಿಸಿತು.
ಅಷ್ಟರ ತನಕ ನಮಗೆ ಗೊತ್ತು.
ಹೀಗೆ ತಿರುಗುವ ಮೋಡಗಳು ಬಹಳಷ್ಟು ಸುಮ್ಮನೆ ಕರಗುತ್ತವೆ;
ಇದೊಂದು ಯಾಕೆ ನೆಲಕ್ಕೆ ಕೈಯಿಳಿಸಿತು,
ರಾಯ್ಸ್ ಇಪ್ಪತ್ತಾರು ವರ್ಷದಿಂದ ಕೇಳುತ್ತಿದ್ದಾನೆ.

ಗುಡ್ಡದ ಮೇಲಿನ ಕ್ಲೂಡಾ ಅವರ ಮನೆ ಒಳ್ಳೆಯ ಸಾಕ್ಷಿ.
ಕಾಂಕ್ರೀಟಿಗೆ ಬೋಲ್ಟು, ಬೋಲ್ಟಿಗೆ ನಟ್ಟು, ನಟ್ಟಿಗೆ ವಾಷರು.
ಗೋಡೆಗಳೆಲ್ಲ ಬಿದ್ದು ಬಚ್ಚಲಷ್ಟೇ ನಿಂತಿದೆ,
ಬಚ್ಚಲಿನ ಕನ್ನಡಿಯಲ್ಲಿ ಆಕಾಶ.
ನೂರ ಐವತ್ತೆರಡು ಮೈಲಿ, ಬರೆದೆ. ಮೂರನೇ ದರ್ಜೆ.

ಅಲ್ಲಿಂದ ನಾನೂರು ಹೆಜ್ಜೆ ಇಳಿದರೆ
ಲೂಪ್ ನದಿಯ ದಂಡೆಗೆ, ಕಸಾಯಿಖಾನೆಯ ಕೂಲಿಗಳ
ಟ್ರೈಲರ್ ಸಾಲು. ಇತ್ತು.
ಹನ್ನೊಂದನೇ ನಂಬರಿನ ಜಾಗದಲ್ಲಿ
ಎಲ್ವಿರಾ ತ್ಸೊಯ್ ನಿಂತಿದ್ದಾಳೆ, ಪಾಳಿಯ ಬಿಳಿ ಕೋಟಿನಲ್ಲೇ.
ಗ್ವಾಟೆಮಾಲಾದ ಬೆಟ್ಟದವಳು. ತಮ್ಮ ಮಾತಿಯಾಸ್
ಒಳಗೆ ಮಲಗಿದ್ದ, ರಾತ್ರಿ ಪಾಳಿಗೆ ಏಳಬೇಕಿತ್ತು.

ಉಕ್ಕಿನ ಚೌಕಟ್ಟು ಕಾಟನ್‌ವುಡ್ ಮರಕ್ಕೆ ಸುತ್ತಿಕೊಂಡಿದೆ
ಒದ್ದೆ ಬಟ್ಟೆ ಹಿಂಡಿಟ್ಟ ಹಾಗೆ.
ಪುಸ್ತಕ ತೆರೆದೆ.
ಟ್ರೈಲರು ಪೂರ್ತಿ ಚೂರಾಗಿದ್ದರೆ: ನೂರ ಇಪ್ಪತ್ತೇಳು.
ಎರಡನೇ ದರ್ಜೆ.
ಪುಟ ಅಲ್ಲಿಗೆ ಮುಗಿಯುತ್ತದೆ.

‘ಗುಡ್ಡದ ಮೇಲೆ ಮೂರು, ನನಗೆ ಎರಡಾ?’
ಪಕ್ಕದ ಹುಡುಗಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು,
ತಿರುಗಿಸುವಾಗ ಕಣ್ಣು ನನ್ನ ಬೂಟಿನ ಮೇಲಿತ್ತು.

ಹೇಗೆ ಹೇಳಲಿ.
ನೂರ ಇಪ್ಪತ್ತೇಳಕ್ಕೇ ನಿನ್ನ ಮನೆ ಮುಗಿದುಹೋಗಿತ್ತು ತಾಯಿ,
ಆಮೇಲೆ ಬಂದ ಗಾಳಿಗೆ
ಮುರಿಯಲು ಏನೂ ಉಳಿದಿರಲಿಲ್ಲ.
ತೆಳು ಗೋಡೆ ದೊಡ್ಡ ಗಾಳಿಯ ಸುದ್ದಿ ಹೇಳಲಾರದು,
ಬಾಯಿ ತೆರೆಯುವ ಮೊದಲೇ ಹಾರಿಹೋಗುತ್ತದೆ.
ಗಟ್ಟಿ ಮನೆಯವರ ಗಾಳಿಯಷ್ಟೇ
ಪುಸ್ತಕದಲ್ಲಿ ಜೋರು.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ;
ತೂರಲು ಕಾಳು ಇರಬೇಕಲ್ಲ ಮೊದಲು.

ಇದ್ಯಾವುದನ್ನೂ ನಾನು ಹೇಳಲಿಲ್ಲ.

ರಾಯ್ಸ್ ಆಗಲೇ ಮಂಡಿಯೂರಿದ್ದ.
ಟ್ರೈಲರನ್ನು ನೆಲಕ್ಕೆ ಕಟ್ಟಿದ್ದ ಕಬ್ಬಿಣದ ತಿರುಪು
ಬುಡಸಮೇತ ಮೇಲೆದ್ದಿತ್ತು, ಕಿತ್ತ ದವಡೆಹಲ್ಲು.
ಸುತ್ತ ಹುಲ್ಲಿಲ್ಲ. ಬೇರೂ ಇಲ್ಲ.
ಸಲಿಕೆಯಲ್ಲಿ ಹೆರೆದಂಥ ಬೋಳು ಮಣ್ಣು.
‘ಹುಲ್ಲು ಆ ಇಪ್ಪತ್ತೆಂಟರಲ್ಲಿ ಇಲ್ಲ’ ಅಂದ,
ಅನ್ನುತ್ತಲೇ ಫೋಟೋ ತೆಗೆದ. ಏಳು.

ನೂರ ಇಪ್ಪತ್ತೇಳರ ಎಡಕ್ಕೆ, ಇದ್ದ ಇಷ್ಟೇ ಜಾಗದಲ್ಲಿ,
ಒಂದು ಪದ ತುರುಕಿದೆ: ಕನಿಷ್ಠ.
ಹಾಗಂದರೇನು, ಎಂದಳು.
ಇದಕ್ಕಿಂತ ಕಡಿಮೆ ಇರಲಾರದು ಅಂತ.
ಜಾಸ್ತಿ?
ಎಷ್ಟಾದರೂ ಇರಬಹುದು.

ಅವಳು ತಲೆಯಾಡಿಸಿದಳೋ, ಗಾಳಿಗೆ ಕೂದಲು ಆಡಿತೋ.
ಬಗ್ಗಿ ತಗಡಿನ ಅಡಿಯಿಂದ ಒಂದು ಬೂಟು ಎಳೆದಳು,
ಗಂಡಸಿನದು, ಎಡಗಾಲಿನದು,
ಒಳಗಿನ ಮಣ್ಣು ಕೊಡವಿ ಕಂಕುಳಲ್ಲಿಟ್ಟು
ಇನ್ನೊಂದನ್ನು ಹುಡುಕತೊಡಗಿದಳು.
ನಮಗಿನ್ನೂ ಹದಿನಾಲ್ಕು ಜಾಗ ಬಾಕಿ ಇತ್ತು.