ಕಡಕ್ ರೊಟ್ಟಿ

ಹಟ್ಟಿ ಗಣಿಯ ಮಣ್ಣಲ್ಲಿ ಸಿಕ್ಕ ಬೂಸರು
ರಾಯಚೂರಿನ ಲ್ಯಾಬಿನಲ್ಲಿ ಏಳು ತಿಂಗಳು
ತುಟಿ ಪಿಟಕ್ಕೆನ್ನಲಿಲ್ಲ.
ಕೊಂಡು ತಂದ ಅಗರ್, ಸಕ್ಕರೆ, ಎಸಿಯ ತಂಪು
ಎಲ್ಲ ಉಂಡು ಬೆಳ್ಳಗೆ ಮಲಗಿತು.

ತಟ್ಟೆ ತೊಳೆಯುವ ಹುಲಿಗೆಮ್ಮ ಅಂದಳು,
"ನಮ್ಮ ಕಡೀದೈತ್ರಿ ಮೇಡಂ, ಜ್ವಾಳ ಹಾಕ್ರಿ."

ಅವಳ ಬುತ್ತಿಯ ಕಡಕ್ ರೊಟ್ಟಿಯನ್ನೇ ಕುಟ್ಟಿ ಹಾಕಿದೆ.
ಹತ್ತನೇ ದಿನ ಬೂಸರಿನ ಸುತ್ತ ಬಟ್ಟಬಯಲು.
ಬ್ಯಾಕ್ಟೀರಿಯಾ ಅಂಚಿಗೇ ನಿಂತಿದ್ದವು
ಬೈಸಿಕೊಂಡವರ ಹಾಗೆ.

ಇದು ಅಚ್ಚಿನಲ್ಲಿ ಎರೆದದ್ದಲ್ಲ.
ಯಾವುದೋ ಕಿಣ್ವ ಕತ್ತಲಲ್ಲಿ ಕೂತು
ಒಂದೊಂದೇ ಅಮೈನೋ ಆಮ್ಲ ಆರಿಸಿ, ಪೋಣಿಸಿ,
ಕೊನೆಯದಕ್ಕೆ ಮೊದಲಿನದರ ಬಾಲ ಕಚ್ಚಿಸಿದೆ.
ಒಂಬತ್ತು ಮಣಿ.
ಗಂಟು ಹುಡುಕಿ ಹುಡುಕಿ ನನ್ನ ಕಣ್ಣು ಸೋತಿದೆ.

ಹೆಸರಿನ್ನೂ ಇಟ್ಟಿಲ್ಲ.
ಹುಲಿಗೆಮ್ಮ ದಿನಾ ಬಾಗಿಲಲ್ಲೇ ಕೇಳುತ್ತಾಳೆ,
"ಏನಂತೈತ್ರಿ ಇವತ್ತ?"