ಉದ್ಯೋಗದ ಕಾಲಂ

ವರ್ಷಕ್ಕೊಮ್ಮೆ, ಮಾರ್ಚ್ ಮುಗಿಯುವ ಹೊತ್ತಿಗೆ
ತ್ಸಿಯಾಲಾ ನನ್ನ ಮೇಜಿನ ಮೇಲೆ ಬೂಟಿನ ಡಬ್ಬಿಯೊಂದನ್ನು ತಂದಿಡುತ್ತಾಳೆ.
ಒಳಗೆ ರಸೀದಿಗಳು. ಎಲ್ಲದರ ಮೇಲೂ ಮಸಿಯ ಹೆಬ್ಬೆಟ್ಟು.
ಗ್ಯಾಸಿನ ಬಿಲ್ಲು, ಲಿನೋಲಿಯಂ ಎರಡು ಸುರುಳಿ,
ಕಾಗದ, ಕಾಗದ, ಮತ್ತೆ ಕಾಗದ,
ಸುಲುಗುನಿ ಚೀಸು ಅರ್ಧ ಕಿಲೋ.
ಇದು ಲೆಕ್ಕಕ್ಕೆ ಬರೋದಿಲ್ಲ, ಅನ್ನುತ್ತೇನೆ.
ಅದನ್ನು ತಿಂದೇ ಕೆತ್ತಿದ್ದು ಎಲ್ಗುಜಾ, ಅನ್ನುತ್ತಾಳೆ.

ನಾನು ಲೆಕ್ಕಿಗ. ತಿಬಿಲಿಸಿಯ ಈ ಇಳಿಜಾರು ಬೀದಿಯಲ್ಲಿ
ದಂತವೈದ್ಯರದು, ಬ್ರೆಡ್ಡಿನವರದು, ಟ್ಯಾಕ್ಸಿಯವರದು
ಎಲ್ಲರ ಸುಳ್ಳೂ ನನಗೆ ಬಾಯಿಪಾಠ.
ಇವಳದೊಂದೇ ಕಷ್ಟ:
ಇದ್ದದ್ದನ್ನು ಇದ್ದ ಹಾಗೇ ತರುತ್ತಾಳೆ.

ಒಂದು ವರ್ಷ ಮಾತ್ರ ಡಬ್ಬಿ ಭಾರವಾಗಿತ್ತು.
ನದಿ ದಂಡೆಯ ಹೊಸ ಹೋಟೆಲು,
ಮುನ್ನೂರು ಕೋಣೆ, ಮುನ್ನೂರು ದಾಳಿಂಬೆ,
ಎಲ್ಲ ಒಂದೇ ಅಳತೆ, ಒಂದೇ ಕೆಂಪು.
ಆ ವರ್ಷದ ಮೊತ್ತವನ್ನು ನಾನು ಎರಡು ಸಲ ಬರೆದೆ,
ಬರೆಯುವ ಸುಖಕ್ಕೇ.
ಕೈ ಕುಲುಕಿದೆ. ಆ ಕೈ ತಟ್ಟನೆ ಹಿಂದೆ ಸರಿಯಿತು.

ಮರುವರ್ಷ ಡಬ್ಬಿಯಲ್ಲಿ
ಮೂಳೆ ಡಾಕ್ಟರ ಚೀಟಿ, ಮಣಿಕಟ್ಟಿನ ಪಟ್ಟಿ, ಮುಲಾಮು.
ಮಸಿಯ ಗುರುತಿಲ್ಲ ಎಲ್ಲಿಯೂ.
ಕೈ ನೋವು ಹೋಗುತ್ತಂತೆ, ಅಂದಳು,
ಅಂಗಡಿಯಲ್ಲಿ ದಾಳಿಂಬೆ ಕಂಡರೆ
ರಸ್ತೆ ದಾಟಿಬಿಡುತ್ತೇನೆ, ಅದಕ್ಕೇನು ಮುಲಾಮು?

ಆಮೇಲೆ ಸೇರಿದ್ದು ಕನ್ನಡಕದ ಅಂಗಡಿ.
ವಾರಕ್ಕೆ ಮೂರು ದಿನ ಗಾಜು ಉಜ್ಜುವ ಕೆಲಸ.
ಬೀದಿ ತಲೆಗೊಂದು ಮಾತಾಡಿತು.
ನಾನೂ ಮನಸ್ಸಿನಲ್ಲೇ ಅವಳನ್ನು
ನಷ್ಟದ ಕಡೆ ಬರೆದುಕೊಂಡೆ, ಸುಳ್ಳೇಕೆ.
ಅವಳು ನಕ್ಕಳು: ಮೂರು ದಿನ ನಾನು ಗಾಜಿಗೆ ಹೆದರುತ್ತೇನೆ,
ನಾಲ್ಕು ದಿನ ನನ್ನ ಚಿತ್ರ ಯಾರಿಗೂ ಹೆದರೋದಿಲ್ಲ.

ಶನಿವಾರ ಒಣಸೇತುವೆಯ ಸಂತೆ.
ಹಳೆಯ ಸಮೋವಾರ್‌ಗಳ, ಸತ್ತವರ ಪದಕಗಳ ನಡುವೆ
ನೀಲಿ ಬಟ್ಟೆ ಹಾಸಿ ಕೂರುತ್ತಾಳೆ.
ಅಂಗೈಯಗಲದ ಅಚ್ಚುಗಳು:
ಪಕ್ಕದ ಮನೆಯ ಮುರುಕು ಮೆಟ್ಟಿಲು,
ಅಂಗಳದಗಲ ಒಣಗುವ ಬಟ್ಟೆ,
ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ಬೀದಿನಾಯಿ
ತನಗೇ ಈ ನಗರದ ಪೌರತ್ವ ಸಿಕ್ಕಂತೆ ಮಲಗಿದ್ದು.
ಚೌಕಾಸಿಗೆ ಬಗ್ಗುವುದಿಲ್ಲ.
ಕೊಳ್ಳದೆ ಬಹಳ ಹೊತ್ತು ನೋಡುವವರಿಗೆ ಸ್ಟೂಲು ಕೊಡುತ್ತಾಳೆ.

ನಲವತ್ತು ಅಚ್ಚು ತೆಗೆದ ಮೇಲೆ
ಮೂಲ ಫಲಕಕ್ಕೆ ತಾನೇ ಅಡ್ಡಗೀರು ಎಳೆಯುತ್ತಾಳೆ.
ಇನ್ನೂ ಅರವತ್ತು ತೆಗೀಬಹುದಿತ್ತಲ್ಲೇ, ನನ್ನ ಹೊಟ್ಟೆ ಉರಿಯುತ್ತದೆ.
ತೆಗೀತಾ ಕೂತರೆ ಮುಂದಿನದನ್ನು ಕೆತ್ತೋದು ಯಾರು, ನೀನಾ?

ಡಬ್ಬಿಯ ತಳದಲ್ಲಿ ಒಂದು ಪುಟ್ಟ ಪುಸ್ತಕ.
‘ಬೇಡ ಅಂದದ್ದು’ ಎಂದು ತಲೆಬರಹ.
ಮಂತ್ರಿಯ ಮನೆಯ ಮದುವೆ ಪತ್ರಿಕೆ. ಬ್ಯಾಂಕಿನ ಕ್ಯಾಲೆಂಡರು.
ಕಾಖೇತಿಯ ಒಬ್ಬರ ವೈನ್ ಬಾಟಲಿಯ ಚೀಟಿ,
ಅದನ್ನು ಹೊಡೆದುಹಾಕಿ ಪಕ್ಕದಲ್ಲಿ: ವೈನ್ ಚೆನ್ನಾಗಿತ್ತು.
ಈ ಪುಸ್ತಕಕ್ಕೆ ಯಾವ ತೆರಿಗೆಯೆಂದು ನನಗೆ ತಿಳಿಯದು.
ಆದರೂ ಎಲ್ಲಕ್ಕಿಂತ ಮೊದಲು ಅದನ್ನೇ ಓದುತ್ತೇನೆ.

ಕೈ ಮಸಿಯಾದರೆ ಬಾಯಿ ಮೊಸರು ಅನ್ನೋಣವೆಂದರೆ
ಮೊಸರು ಅವಳ ಬಿಲ್ಲಿನಲ್ಲಿ
ತಿಂಗಳ ಕೊನೆಯ ವಾರ ಕಾಣಿಸುವುದಿಲ್ಲ.
ಹಾಗೆಂದು ನೋಡಿದರೆ
ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಾಲವೂ ಇಲ್ಲ,
ಮಸಿ ಇಲ್ಲದ ತಿಂಗಳೂ ಇಲ್ಲ,
ಆ ದಾಳಿಂಬೆಯ ಮರುವರ್ಷವೊಂದನ್ನು ಬಿಟ್ಟು.

ಅರ್ಜಿಯ ಮೊದಲ ಪುಟ: ಉದ್ಯೋಗ.
ಇಷ್ಟು ವರ್ಷ ‘ಇತರೆ’ ಎಂದು ಗೀಚಿ ತಿರುಗಿಸುತ್ತಿದ್ದೆ.
ಈ ಸಲ ಪೆನ್ನು ನಿಂತಿತು.
ಏನು ಬರೀಲಿ, ಕೇಳಿದೆ.
ಅವಳು ನನ್ನ ಕಿಟಕಿಯಿಂದಾಚೆ
ಎದುರು ಬಾಲ್ಕನಿಯ ಹರಿದ ಅಂಗಿಯೊಂದರ ನೆರಳನ್ನು
ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿಂದ ಅಳೆಯುತ್ತಿದ್ದಳು.
ಏನಾದರೂ ಬರಕೋ ಮಾರಾಯ,
ಬೇಗ.
ಬೆಳಕು ಹೋಗ್ತಾ ಇದೆ.